ಕಾಡಂಚಿನ ಮನೆಯ ಶರತ್ಕಾಲ: ಜಗಲಿಯಿಂದ ಏನು ನೋಡಬಹುದು, ಹೇಗೆ ತೆಗೆಯಬಹುದು

ಪ್ರಶ್ನೆ: ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿನ ಅಂಚಿಗೆ ಹತ್ತಿರ ನಮ್ಮದೊಂದು ಚಿಕ್ಕ ತೋಟದ ಮನೆ ಇದೆ. ಎರಡು ಕೋಣೆ, ಹೆಂಚಿನ ಸೂರು, ಮುಂದೊಂದು ಜಗಲಿ. ದಸರಾದಿಂದ ನವೆಂಬರ್ ಕೊನೆಯವರೆಗೆ ವಾರದ ಕೊನೆಗೆಲ್ಲ ಮೈಸೂರಿನಿಂದ ಅಲ್ಲಿಗೆ ಹೋಗಿ ಉಳಿಯುತ್ತೇವೆ. ಕ್ಯಾಮೆರಾ ಜೊತೆಗೆ 70–300 ಎಂಎಂ ಲೆನ್ಸ್ ಇದೆ. ಹೊರದೇಶದವರ ಶರತ್ಕಾಲದ ಫೋಟೊಗಳಲ್ಲಿ ಕೆಂಪು, ಹಳದಿ ಎಲೆಗಳ ಕಾಡು ನೋಡಿ ಆಸೆಯಾಗುತ್ತದೆ. ನಮ್ಮಲ್ಲಿ ನೋಡಿದರೆ ಎಲ್ಲ ಹಸಿರೇ. ಸಫಾರಿಗೆ ಹೋಗದೆ ಮನೆಯ ಸುತ್ತಲೇ ಈ ಕಾಲದಲ್ಲಿ ಏನು ನೋಡಬಹುದು, ಅದನ್ನು ಹೇಗೆ ಫೋಟೊ ತೆಗೆಯಬೇಕು? ಇದಕ್ಕೆ 600 ಎಂಎಂ ಲೆನ್ಸ್ ಕೊಳ್ಳಲೇಬೇಕೆ?

ಉತ್ತರ: ಎಲೆಯ ವಿಷಯ ಮೊದಲು ಮುಗಿಸೋಣ. ಚಳಿ ದೇಶಗಳಲ್ಲಿ ಹಗಲು ಬಿರಬಿರನೆ ಕುಗ್ಗುತ್ತದೆ. ಹಿಮ ಬೀಳುವ ಮುಂಚೆ ಮರಗಳು ಎಲೆಯೊಳಗಿನ ಹಸಿರನ್ನು ಒಡೆದು ಸಾರವನ್ನು ಕೊಂಬೆಗೆ ಎಳೆದುಕೊಳ್ಳುತ್ತವೆ. ಹಸಿರು ಹೋದ ಮೇಲೆ ಅಡಿಯಲ್ಲಿದ್ದ ಹಳದಿ ಕಾಣುತ್ತದೆ, ಕೆಲವು ಮರಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ನಮ್ಮ ತೇಗ, ಮತ್ತಿ, ದಿಂಡಿಗ ಎಲೆ ಉದುರಿಸುವುದು ನೆಲದಲ್ಲಿ ನೀರು ಕಡಿಮೆಯಾದಾಗ, ಅಂದರೆ ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಅಕ್ಟೋಬರ್ ತಿಂಗಳಂತೂ ಮೈಸೂರು ಸೀಮೆಗೆ ಒಳ್ಳೆಯ ಮಳೆ ಬೀಳುವ ತಿಂಗಳು. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಸುರಿಯುತ್ತಿರುವಾಗ ಕಾಡು ಹಸಿರಾಗಿರದೆ ಇನ್ನೇನು?

ಆದರೆ ಆ ಹಸಿರಿನೊಳಗೆ ವರ್ಷದ ಅತಿ ಗಡಿಬಿಡಿಯ ಕಾಲವೊಂದು ನಡೆಯುತ್ತಿರುತ್ತದೆ. ಹೂವು ಕಾಯಿಯಾಗುತ್ತಿರುತ್ತದೆ, ಹುಲ್ಲು ತೆನೆ ಬಿಡುತ್ತಿರುತ್ತದೆ, ಉತ್ತರದ ಹಕ್ಕಿಗಳು ಬಂದಿಳಿಯುತ್ತಿರುತ್ತವೆ, ಬಯಲಿನ ಕಡೆ ಹೋಗಿದ್ದ ಚಿಟ್ಟೆಗಳು ಘಟ್ಟಕ್ಕೆ ವಾಪಸಾಗುತ್ತಿರುತ್ತವೆ. ಇದನ್ನು ಕಾಣಲು ನಾನು ಹೇಳುವ ದಾರಿ ಒಂದೇ: ಮೊದಲು ಗಿಡಗಳನ್ನು ಗುರುತು ಮಾಡಿಕೊಳ್ಳಿ. ಮನೆಯಿಂದ ನೂರು ಹೆಜ್ಜೆಯೊಳಗೆ ಏನೇನು ಬೆಳೆದಿದೆ ಅನ್ನುವುದು ಗೊತ್ತಾದರೆ, ಯಾವ ಜೀವ ಎಲ್ಲಿಗೆ, ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಮುಕ್ಕಾಲು ಪಾಲು ತಿಳಿದಂತೆಯೇ. ಹೊಸದಾಗಿ ಕ್ಯಾಮೆರಾ ಹಿಡಿದವರು ಹಕ್ಕಿಯ ಹಿಂದೆ ಓಡುತ್ತಾರೆ; ಹಕ್ಕಿ ಓಡಿಹೋಗುತ್ತದೆ. ಗಿಡದ ಹತ್ತಿರ ಕೂತವರ ಮುಂದೆ ಅದು ತಾನೇ ಬಂದು ಕೂರುತ್ತದೆ.

ಬಣ್ಣ ಬೇಕು ಅಂದಿರಲ್ಲ, ಬೇಲಿಯಿಂದಲೇ ಶುರುಮಾಡಿ. ಗೌರಿ ಹೂವು, ಕೋಳಿಕುಟುಮ ಅಂತಲೂ ಕರೆಯುತ್ತಾರೆ, ಎಲೆಯ ತುದಿಯನ್ನೇ ಸುರುಳಿ ಮಾಡಿ ಬೇಲಿಗೆ ಹಬ್ಬಿರುತ್ತದೆ. ಅರಳಿದ ಹೊಸದರಲ್ಲಿ ಎಸಳಿನ ಬುಡ ಹಸಿರು ಹಳದಿ, ತುದಿ ಕೆಂಪು. ದಿನ ಕಳೆದಂತೆ ಪೂರ್ತಿ ಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಈ ಎಲ್ಲ ಹಂತಗಳನ್ನೂ ಒಂದೇ ಚೌಕಟ್ಟಿನೊಳಗೆ ತರಬಹುದು. ದಸರಾ ಹೊತ್ತಿಗೆ ಕೊನೆಯ ಹೂವುಗಳು ಸಿಗುತ್ತವೆ, ಆಮೇಲೆ ಕಾಯಿ ಬಿರಿದು ಒಳಗಿನ ಕೆಂಪು ಬೀಜ ಕಾಣುತ್ತದೆ. ಮಕ್ಕಳಿದ್ದರೆ ಹುಷಾರಾಗಿರಿ: ಗೆಡ್ಡೆಯಿಂದ ಬೀಜದವರೆಗೆ ಇಡೀ ಗಿಡ ವಿಷ. ರಾಗಿ ಹೊಲದ ಬದುಗಳಲ್ಲಿ ಅಣ್ಣೆ ಸೊಪ್ಪಿನ ಗುಲಾಬಿ ಬಿಳುಪಿನ ಕದಿರುಗಳು ನಿಂತಿರುತ್ತವೆ. ಇವನ್ನು ಬಿಸಿಲಿಗೆ ಬೆನ್ನು ಮಾಡಿ ತೆಗೆದರೆ ಸಪ್ಪೆ. ಸೂರ್ಯ ಕದಿರಿನ ಹಿಂದಿರುವಂತೆ, ನೀವು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ತೆಗೆದರೆ ಒಂದೊಂದು ಕದಿರೂ ಹೊತ್ತಿಕೊಂಡಂತೆ ಬೆಳಗುತ್ತದೆ. ಹುಚ್ಚೆಳ್ಳು ಹೊಲ ಹತ್ತಿರದಲ್ಲಿದ್ದರೆ ನೀವೇ ಪುಣ್ಯವಂತರು. ಅದರ ಹಳದಿಗೆ ಜೇನು, ಚಿಟ್ಟೆ, ಅವುಗಳನ್ನು ಹಿಡಿಯುವ ಏಡಿಜೇಡ ಎಲ್ಲ ಬರುತ್ತವೆ. ದೀಪಾವಳಿಯಲ್ಲಿ ಸಗಣಿ ಉಂಡೆಗೆ ಸಿಕ್ಕಿಸುವ ಉತ್ತರಾಣಿ ಕಡ್ಡಿ, ತಂಗಡಿ ಹೂವು, ತುಂಬೆ, ಇವೆಲ್ಲ ಇದೇ ಕಾಲದವು. ನಮ್ಮ ಹಬ್ಬಗಳ ಹೂಬುಟ್ಟಿಯನ್ನು ಹಿಡಿದುಕೊಂಡೇ ಈ ಋತುವಿನ ಗಿಡಗಳ ಪಟ್ಟಿ ಮಾಡಬಹುದು. ಊರಿನ ಹಿರಿಯ ಹೆಂಗಸರನ್ನು ಒಮ್ಮೆ ಜೊತೆಗೆ ಕರೆದುಕೊಂಡು ತೋಟ ಸುತ್ತಿ, ಯಾವ ಪುಸ್ತಕಕ್ಕಿಂತ ಹೆಚ್ಚು ಕಲಿಯುತ್ತೀರಿ.

ಆ ಗಿಡಗಳಲ್ಲಿ ಒಂದನ್ನು ಮಾತ್ರ ವಿಶೇಷವಾಗಿ ಹುಡುಕಿ ಅಂತ ಕೇಳಿಕೊಳ್ಳುತ್ತೇನೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಸದ್ದು ಬರುವ, ಹಳದಿ ಹೂವಿನ ಗಿಲಗಿಚ್ಚಿ ಗಿಡ, ಸಸ್ಯಶಾಸ್ತ್ರದಲ್ಲಿ ಕ್ರೊಟಲೇರಿಯಾ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ ಎಂಬ ಚಿಟ್ಟೆಗಳು ಮುಂಗಾರಿನ ಮುಂಚೆ ಪಶ್ಚಿಮಘಟ್ಟದಿಂದ ಪೂರ್ವದ ಬಯಲುಸೀಮೆಯತ್ತ ಹೋಗಿ, ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಘಟ್ಟಕ್ಕೆ ಮರಳುತ್ತವೆ. ನಿಮ್ಮ ತಾಲ್ಲೂಕು ಸರಿಯಾಗಿ ಆ ದಾರಿಯ ನಡುವೆ ಇದೆ. ಈ ಗುಂಪಿನ ಗಂಡು ಚಿಟ್ಟೆಗಳಿಗೆ ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಗಿಡಗಳಲ್ಲಿರುವ ಆಲ್ಕಲಾಯ್ಡ್ ಎಂಬ ಕೆಲವು ವಸ್ತುಗಳು ಬೇಕು. ಅವು ಸಿಗುವುದು ಗಿಲಗಿಚ್ಚಿ, ಚೇಳುಕೊಂಡಿ ಗಿಡಗಳ ಒಣಗಿದ, ಗಾಯವಾದ ಎಲೆ ಕಾಯಿಗಳಲ್ಲಿ. ಹೂವು ಪಕ್ಕದಲ್ಲೇ ಇದ್ದರೂ ಬಿಟ್ಟು, ಬಾಡಿದ ಎಲೆಯನ್ನು ಕಾಲಿನಿಂದ ಕೆರೆದು ಹೀರುತ್ತಾ ಹತ್ತಾರು ಚಿಟ್ಟೆಗಳು ಒಂದೇ ಕೊಂಬೆಗೆ ಮುತ್ತಿಕೊಂಡಿರುತ್ತವೆ. ಆಗ ಅವಕ್ಕೆ ನಿಮ್ಮ ಪರಿವೆಯೇ ಇರುವುದಿಲ್ಲ. 70–300 ಲೆನ್ಸಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಸಿಗದು. ಒಂದೂವರೆ ಮೀಟರ್ ದೂರ ನಿಂತು 300ಕ್ಕೆ ಎಳೆದು, ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಳ್ಳಿ. ರೆಕ್ಕೆಯ ಹಾಳೆಗೆ ಲೆನ್ಸಿನ ಮುಖ ಸಮಾನಾಂತರವಾಗಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸ್ಪಷ್ಟ ಬರುತ್ತದೆ; ಸ್ವಲ್ಪ ಓರೆಯಾದರೂ ಒಂದು ರೆಕ್ಕೆ ಮಸುಕು. ಬೆಳಗ್ಗೆ ಎಂಟೂವರೆ ಒಳಗೆ ಹೋದರೆ ಮೈ ಕಾಯಿಸಿಕೊಳ್ಳಲು ರೆಕ್ಕೆ ಬಿಚ್ಚಿ ಕೂತ ಚಿಟ್ಟೆಗಳು ಸಿಗುತ್ತವೆ. ಕಳೆ ಅಂತ ಆ ಗಿಡವನ್ನು ಕಿತ್ತು ಎಸೆಯದಂತೆ ತೋಟ ನೋಡಿಕೊಳ್ಳುವವರಿಗೆ ಇವತ್ತೇ ಹೇಳಿಬಿಡಿ.

ಇದೇ ದಿನಗಳಲ್ಲಿ ಹೊಲದ ಮೇಲೆ, ಆಳೆತ್ತರದಲ್ಲಿ, ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳು ಹಿಂಡುಹಿಂಡಾಗಿ ತೇಲುವುದನ್ನೂ ಗಮನಿಸಿ. ಈ ಜಾತಿಯ ಹೆಸರು ಪ್ಯಾಂಟಲಾ. ಅಕ್ಟೋಬರ್‌ನಿಂದ ಇವು ಗಾಳಿಯ ಜೊತೆ ಮಾಲ್ಡೀವ್ಸ್ ಮೇಲಿನಿಂದ ಸಮುದ್ರ ದಾಟಿ ಪೂರ್ವ ಆಫ್ರಿಕಾದತ್ತ ಹೋಗುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದರು. ಹಾರುವಾಗ ಫೋಟೊ ಕಷ್ಟ. ಸುಮ್ಮನೆ ನೋಡಿ, ಸಾಕು.

ವಾರಕ್ಕೊಮ್ಮೆ ಬರುವವರಿಗೆ ಹೇಳಿ ಮಾಡಿಸಿದ ವಿಷಯ ಅಡುಗೆಮನೆ ಹಿಂದಿನ ಕರಿಬೇವಿನ ಗಿಡದಲ್ಲಿದೆ. ಲೈಮ್ ಬಟರ್‌ಫ್ಲೈ, ಕಾಮನ್ ಮಾರ್ಮನ್ ಚಿಟ್ಟೆಗಳು ಮೊಟ್ಟೆ ಇಡುವುದು ಕರಿಬೇವು, ನಿಂಬೆ ಚಿಗುರಿಗೆ. ಮರಿಹುಳು ಮೊದಲು ಹಕ್ಕಿ ಹಿಕ್ಕೆಯಂತೆ ಕಂದು ಬಿಳುಪು, ದೊಡ್ಡದಾದ ಮೇಲೆ ಎಲೆ ಹಸಿರು. ಮೊಟ್ಟೆಯಿಂದ ಚಿಟ್ಟೆಯಾಗಲು ಹೆಚ್ಚೂಕಡಿಮೆ ಒಂದು ತಿಂಗಳು. ಪ್ರತಿ ವಾರ ಅದೇ ಕೊಂಬೆಯನ್ನು, ಅದೇ ಕೋನದಿಂದ ತೆಗೆದರೆ ದೀಪಾವಳಿ ಹೊತ್ತಿಗೆ ಒಂದು ಜೀವನಚರಿತ್ರೆಯೇ ಕೈಯಲ್ಲಿರುತ್ತದೆ. ಗಿಡಕ್ಕೆ ಔಷಧಿ ಹೊಡೆಸಬೇಡಿ. ನಾಲ್ಕೆಲೆ ಹುಳು ತಿಂದರೆ ಸಾರಿಗೆ ಕೊರತೆಯಾಗುವುದಿಲ್ಲ.

ಈಗ ಹಕ್ಕಿ. ಮೊದಲು ಬರುವುದು ಬೂದು ಸಿಪಿಲೆ, ಸೆಪ್ಟೆಂಬರ್‌ನಲ್ಲೇ. ತೋಡಿನ ಅಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುತ್ತದೆ. ಹಿಂದೆಯೇ ಎಲೆಗಳ ನಡುವೆ ಚುಟುಕಾಗಿ ಕೂಗುವ ಉಲಿಯಕ್ಕಿಗಳು, ಬೂದು ಕಾಜಾಣ, ತಂತಿಯ ಮೇಲೆ ಸಾಲು ಕೂರುವ ಕವಲುಬಾಲದ ಹಕ್ಕಿಗಳು. ಆದರೆ ಈ ಋತುವಿನಲ್ಲಿ ನಾನು ಕಾಯುವುದು ನವರಂಗಕ್ಕೆ. ಮಧ್ಯ ಭಾರತದ, ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಮರಿ ಮಾಡಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಮೈಯಲ್ಲಿ ಹಸಿರು, ನೀಲಿ, ಕೆಂಪು, ಹೊಂಬಣ್ಣ, ಕಪ್ಪು, ಬಿಳಿ. ಇಷ್ಟಿದ್ದೂ ತರಗೆಲೆಯ ನಡುವೆ ನಿಂತರೆ ಕಣ್ಣಿಗೆ ಬೀಳುವುದಿಲ್ಲ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ಎರಡು ಮೂರು ದಿನ ಒಂದೇ ಕಡೆಯಿಂದ ಕೇಳಿದರೆ ಅದು ಆ ಜಾಗವನ್ನು ಚಳಿಗಾಲಕ್ಕೆ ತನ್ನದು ಮಾಡಿಕೊಂಡಿದೆ ಎಂದು ತಿಳಿಯಿರಿ. ಬಾಳೆ ಬುಡ, ಬಿದಿರು ಮೆಳೆಯ ಅಡಿ, ಗುಡಿಸದೆ ಬಿಟ್ಟ ಎಲೆಗಳ ಹಾಸು, ಇವು ಅದಕ್ಕೆ ಬೇಕು. ಹಾಗಾಗಿ ತೋಟದ ಒಂದು ಮೂಲೆಯನ್ನು ಗುಡಿಸಬೇಡಿ, ಎಲೆ ಸುಡಬೇಡಿ. ಆ ಮೂಲೆಗೆ ಏಳೆಂಟು ಮೀಟರ್ ದೂರದಲ್ಲಿ ನೆಲದ ಮೇಲೆ ಕೂತು, ಬೆನ್ನಿಗೆ ಮರ ಕೊಟ್ಟು, ಕ್ಯಾಮೆರಾವನ್ನು ಮೊಣಕಾಲಿನ ಮೇಲಿಟ್ಟು ಅಲ್ಲಾಡದೆ ಇರಿ. ಬೆಳಕು ಕಡಿಮೆ ಇರುತ್ತದೆ: ಐಎಸ್‌ಒ 3200ಕ್ಕೆ ಹಿಂಜರಿಯಬೇಡಿ, ಶಟರ್ 1/250 ಸಾಕು, ಹಕ್ಕಿ ಕುಪ್ಪಳಿಸಿ ನಿಂತ ಕ್ಷಣದಲ್ಲಿ ಒತ್ತಿ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವ ಅಭ್ಯಾಸ ಈಗ ಬಹಳ ಕಡೆ ಕಾಣುತ್ತಿದೆ. ದಯವಿಟ್ಟು ಅದನ್ನು ಮಾಡಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಮೇವಿನ ಹೊತ್ತನ್ನು ಕಳೆದುಕೊಳ್ಳುತ್ತದೆ. ದಣಿದ ನವರಂಗ ಜಗಲಿಗೆ ಬಂದು ಬಿದ್ದಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಗದ್ದಲವಿಲ್ಲದ ಕಡೆ ಒಂದೆರಡು ಗಂಟೆ ಬಿಡಿ. ಬಾಯಿಗೆ ನೀರು ಸುರಿಯಬೇಡಿ. ಚೇತರಿಸಿಕೊಂಡರೆ ಪೊದೆಯ ಪಕ್ಕ ಪೆಟ್ಟಿಗೆ ತೆರೆದರೆ ಸಾಕು.

ವಿಜಯದಶಮಿಯಂದು ಕಂಡರೆ ಶುಭ ಎನ್ನುವ ನೀಲಕಂಠ ನಮ್ಮ ರಾಜ್ಯಪಕ್ಷಿ. ಕರೆಂಟ್ ತಂತಿಯ ಮೇಲೆ ಕೂತಾಗ ಮಂಕಾಗಿ ಕಾಣುತ್ತದೆ, ನೆಲದ ಹುಳುವಿಗೆ ಹಾರಿದಾಗ ರೆಕ್ಕೆಯ ನೀಲಿ ತೆರೆದುಕೊಳ್ಳುತ್ತದೆ. ಹಾರುವ ಮುಂಚೆ ತಲೆ ಬಗ್ಗಿಸಿ ನೆಲ ನೋಡುತ್ತದೆ; ಅದನ್ನು ಗುರುತಿಸಿ 1/2000ರಲ್ಲಿ ಸತತವಾಗಿ ಒತ್ತಿ. ಕರಿ ಕಾಜಾಣವನ್ನು ಆಕಾಶದ ಎದುರು ತೆಗೆಯುವಾಗ ಕ್ಯಾಮೆರಾದಲ್ಲಿ ಬೆಳಕನ್ನು (ಎಕ್ಸ್‌ಪೋಷರ್) ಒಂದು ಹಂತ ಏರಿಸಿಕೊಳ್ಳಿ, ಬೆಳ್ಳಕ್ಕಿಗೆ ಇಳಿಸಿಕೊಳ್ಳಿ. ಗಂಡು ನವಿಲು ಈಗ ಗರಿ ಉದುರಿಸಿರುತ್ತದೆ, ಆ ಫೋಟೊ ಮುಂದಿನ ಮುಂಗಾರಿಗೆ. ಬಾವಿಯ ಮೇಲೆ ಬಾಗಿದ ಈಚಲಿಗೋ ಜಾಲಿಗೋ ಗೀಜಗದ ಗೂಡುಗಳಿದ್ದರೆ ದೂರದಿಂದಲೇ ನೋಡಿ. ಕೆಲವು ಗೂಡುಗಳಲ್ಲಿ ಇನ್ನೂ ಮರಿಗಳಿರುತ್ತವೆ.

ಮಧ್ಯಾಹ್ನ ಗುಡುಗಿ ಸುರಿದ ಮಳೆ ಸಂಜೆ ನಾಲ್ಕರ ಹೊತ್ತಿಗೆ ನಿಂತಿತು ಅನ್ನಿ, ಎಲ್ಲ ಕೆಲಸ ಬಿಟ್ಟು ಹೊರಗೆ ಬನ್ನಿ. ಗಾಳಿ ತೊಳೆದು ಬೆಳಕು ತಿಳಿಯಾಗಿರುತ್ತದೆ. ಎಲ್ಲಾದರೂ ಹುತ್ತದಿಂದ, ನೆಲದ ಬಿರುಕಿನಿಂದ ರೆಕ್ಕೆ ಬಂದ ಗೆದ್ದಲು ಹೊಗೆಯಂತೆ ಏಳುತ್ತಿದ್ದರೆ ಆ ಇಪ್ಪತ್ತು ನಿಮಿಷದಲ್ಲಿ ಕಾಜಾಣ, ಜೇನುಹಿಡುಕ, ಮೈನಾ, ಪಿಕಳಾರ, ನೆಲದಲ್ಲಿ ಓತಿ, ಕಪ್ಪೆ ಎಲ್ಲ ಒಂದೇ ಕಡೆ ಸೇರುತ್ತವೆ.

ಬೆಳಗಿನ ಇಬ್ಬನಿಯ ಕೆಲಸವೇ ಬೇರೆ. ಅಕ್ಟೋಬರ್ ನಡುವಿನಲ್ಲಿ ಸೂರ್ಯ ಹುಟ್ಟುವುದು ಆರೂ ಕಾಲರ ಸುಮಾರಿಗೆ. ಅದಕ್ಕೆ ಕಾಲು ಗಂಟೆ ಮುಂಚೆ ಅಂಗಳದಲ್ಲಿರಿ. ತಂಬಾಕಿನ ಎಲೆ ಹದಮಾಡುವ ಬ್ಯಾರನ್‌ಗಳ ಹೊಗೆ, ಕೆರೆಯ ಮಂಜು ಸೇರಿ ರಾಗಿ ಹೊಲದ ಮೇಲೆ ತೆಳುವಾಗಿ ಹಾಸಿರುತ್ತದೆ. ಮರಗಳ ನಡುವೆ ದೊಡ್ಡ ಕಾಡುಜೇಡ ಬಲೆ ಕಟ್ಟಿರುತ್ತದೆ, ಬಂಗಾರದ ಬಣ್ಣದ ದಾರ. ನಡುವೆ ಕೂತ ಹೆಣ್ಣಿನ ಮೈಯೇ ನಾಲ್ಕು ಸೆಂಟಿಮೀಟರ್ ಇದ್ದೀತು, ಬಲೆಯ ಅಂಚಿನಲ್ಲಿರುವ ಗಂಡು ಅರ್ಧ ಸೆಂಟಿಮೀಟರ್. ಇಬ್ಬರನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಪ್ರಯತ್ನಿಸಿ. ಬಲೆಗೆ ಆಟೋಫೋಕಸ್ ನಂಬಬೇಡಿ, ಕೈಯಿಂದ ತಿರುಗಿಸಿ. ಹಿಂದೆ ನೆರಳು ಇರುವ ಕಡೆ ನಿಂತು ಬೆಳಕನ್ನು ಒಂದು ಹಂತ ಇಳಿಸಿದರೆ ದಾರ ಎದ್ದು ಕಾಣುತ್ತದೆ. ಹನಿ ಬೇಕೆಂದು ನೀರು ಚಿಮುಕಿಸುವುದು ಬೇಡ. ಅದು ಜೇಡ ಕಷ್ಟಪಟ್ಟು ಕಟ್ಟಿದ ಬಲೆ. ಕ್ಯಾಮೆರಾವನ್ನು ಹೊರಗಿನ ಚಳಿಯಿಂದ ತಟ್ಟನೆ ಬೆಚ್ಚಗಿನ ಕೋಣೆಯೊಳಗೆ ತಂದರೆ ಗಾಜಿನ ಮೇಲೆ ಮಬ್ಬು ಕೂರಬಹುದು. ಚೀಲದೊಳಗೇ ಇಟ್ಟು ಅರ್ಧ ಗಂಟೆ ಹೊಂದಿಕೊಳ್ಳಲು ಬಿಡಿ. ವಾರವಿಡೀ ಆ ಮನೆಯಲ್ಲೇ ಬಿಟ್ಟುಬರಬೇಡಿ, ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ.

ರಾತ್ರಿಗೆ ಒಂದು ಬಿಳಿ ಪಂಚೆ, ಒಂದು ಬಲ್ಬು. ಜಗಲಿಯ ಗೋಡೆಗೆ ಪಂಚೆ ಕಟ್ಟಿ ಬೆಳಕು ಬಿಟ್ಟರೆ ಪತಂಗಗಳು ಬಂದು ಕೂರುತ್ತವೆ. ಕತ್ತಲು ಹೆಚ್ಚಿದ್ದಷ್ಟೂ ಹೆಚ್ಚು ಬರುತ್ತವೆ, ಹಾಗಾಗಿ ದೀಪಾವಳಿ ಅಮಾವಾಸ್ಯೆ ಹಿಂದುಮುಂದಿನ ದಿನಗಳು ಉತ್ತಮ. ಒಂದೆರಡು ಗಂಟೆಯಲ್ಲಿ ದೀಪ ಆರಿಸಿ. ಇಲ್ಲದಿದ್ದರೆ ಹಲ್ಲಿಗೆ ಹಬ್ಬ, ಪತಂಗಕ್ಕೆ ಸಾವು.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತಿದೆ. ಕಬಿನಿ ಹಿನ್ನೀರಿನಲ್ಲಿ ಆನೆಗಳ ದೊಡ್ಡ ಹಿಂಡು ಕಾಣುವುದು ಬೇಸಿಗೆಯಲ್ಲಿ, ನೀರು ಇಳಿದು ಹುಲ್ಲು ಚಿಗುರಿದಾಗ. ಈಗ ಜಲಾಶಯ ತುಂಬಿರುತ್ತದೆ, ಕಾಡೊಳಗೆ ಎಲ್ಲೆಡೆ ನೀರಿರುತ್ತದೆ, ಆನೆಗಳು ಚದುರಿರುತ್ತವೆ. ಜೊತೆಗೆ ಹೊರಗೆ ರಾಗಿ, ಭತ್ತ ತೆನೆ ಕಟ್ಟುತ್ತಿರುತ್ತದೆ. ಸಂಜೆಯಿಂದ ನಸುಕಿನವರೆಗೆ ಅವು ಕಂದಕ, ಬೇಲಿ ದಾಟಿ ಹೊಲಕ್ಕೆ ಬರುವ ಕಾಲ ಇದು. ಹುಲಿ, ಚಿರತೆಯೂ ಕಾಡಂಚಿನಲ್ಲಿ ಓಡಾಡುತ್ತವೆ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕಾವಲು ಕೂರುವ ರೈತರಿಗೆ ಆನೆ ಬರುವುದೆಂದರೆ ವರ್ಷದ ಅನ್ನ ಹೋಗುವುದು. ಆ ಹೊತ್ತಿನಲ್ಲಿ ಫೋಟೊಗೆಂದು ಹೋಗುವುದು ಅಪಾಯ ಮಾತ್ರವಲ್ಲ, ಅವರ ಸಂಕಟಕ್ಕೆ ಅಗೌರವ ಕೂಡ. ಕತ್ತಲಾದ ಮೇಲೆ ಜಗಲಿ ಬಿಟ್ಟು ಇಳಿಯಬೇಡಿ, ನಸುಕಿನಲ್ಲಿ ಅಂಗಳಕ್ಕೆ ಇಳಿಯುವ ಮುಂಚೆ ರಾತ್ರಿ ಆನೆ ಬಂದಿತ್ತೇ ಎಂದು ಅಕ್ಕಪಕ್ಕದವರನ್ನು ಕೇಳಿ. ಕಾಲಿಗೆ ಗಂಬೂಟು, ಕೈಯಲ್ಲಿ ಟಾರ್ಚು ಇರಲಿ, ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ. ಬೇಲಿಯಾಚೆಯ ಕಾಡು ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ನಾಲ್ಕು ಹೆಜ್ಜೆ ಒಳಗೆ ಹೋದರೂ ತಪ್ಪು. ಡ್ರೋನ್ ಬೇಡವೇ ಬೇಡ. ಪ್ರಾಣಿ ಬರಲೆಂದು ಹಣ್ಣು, ಉಪ್ಪು, ಮಾಂಸ ಇಡುವುದೂ ಬೇಡ.

ದೊಡ್ಡ ಪ್ರಾಣಿಗಳನ್ನು ನೋಡಲು ಬೆಳಗಿನ ಕೆಸರು ಸಾಕು. ಅಂಗಳದ ಅಂಚಿನಲ್ಲಿ ಒಂದು ಮಾರು ಜಾಗದ ಮಣ್ಣನ್ನು ಸಂಜೆ ನುಣ್ಣಗೆ ಮಾಡಿಟ್ಟರೆ ರಾತ್ರಿ ಹಾದುಹೋದವರೆಲ್ಲ ಸಹಿ ಹಾಕಿರುತ್ತಾರೆ: ಮುಳ್ಳುಹಂದಿ, ಪುನುಗು ಬೆಕ್ಕು, ಮೊಲ, ಕಾಡುಹಂದಿ. ಹೆಜ್ಜೆಯ ಪಕ್ಕ ಅಳತೆಗೆ ಬೆಂಕಿಪೊಟ್ಟಣ ಇಟ್ಟು, ಬಿಸಿಲು ಓರೆಯಾಗಿ ಬೀಳುವಾಗ, ನೇರ ಮೇಲಿನಿಂದ ತೆಗೆಯಿರಿ. ಹುಲಿಯದ್ದೋ ಚಿರತೆಯದ್ದೋ ಎಂಬ ಅನುಮಾನ ಬಂದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಕ್ಷಣ ತಿಳಿಸಿ. ಹೆಜ್ಜೆ ಓದುವುದನ್ನು ಕಲಿಸಬಲ್ಲವರು ನಿಮ್ಮ ಹತ್ತಿರದ ಆದಿವಾಸಿ ಹಾಡಿಗಳಲ್ಲಿದ್ದಾರೆ. ಜೇನುಕುರುಬ ಹಿರಿಯರೊಬ್ಬರು ಒಪ್ಪಿ ಜೊತೆಗೆ ಬಂದರೆ ಅವರ ಹೊತ್ತಿಗೆ ತಕ್ಕ ಹಣ ಕೊಡಿ, ಅವರ ಫೋಟೊ ತೆಗೆಯುವ ಮುಂಚೆ ಕೇಳಿ.

ತೆಗೆದ ಚಿತ್ರಗಳು ಫೋನಿನಲ್ಲೇ ಉಳಿಯದಿರಲಿ. ಕಂಡದ್ದನ್ನು ದಾಖಲಿಸಲು ಹಕ್ಕಿಗಳಿಗೆ ಈಬರ್ಡ್, ಉಳಿದವಕ್ಕೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳಿವೆ. ಒಂದೆರಡು ಮರಗಳನ್ನು ಆರಿಸಿ ವಾರವಾರ ಎಲೆ, ಹೂ, ಕಾಯಿ ಬರೆದಿಡುವ ಸೀಸನ್‌ವಾಚ್ ಎಂಬ ಕಾರ್ಯಕ್ರಮವಂತೂ ನಿಮ್ಮಂತೆ ಒಂದೇ ಜಾಗಕ್ಕೆ ಮತ್ತೆಮತ್ತೆ ಹೋಗುವವರಿಗೇ ಇರುವುದು. ಗೂಬೆಯ ಪೊಟರೆ, ಕಾಡುಪಾಪ, ನಕ್ಷತ್ರ ಆಮೆ ಸಿಕ್ಕರೆ ಮಾತ್ರ ಜಾಗದ ಗುರುತನ್ನು ಯಾರಿಗೂ ಹೇಳಬೇಡಿ; ಕಳ್ಳರೂ ಅದೇ ಚಿತ್ರಗಳನ್ನು ನೋಡುತ್ತಾರೆ.

ಇನ್ನು ಲೆನ್ಸ್. ಈ ವರ್ಷ 600 ಎಂಎಂ ಕೊಳ್ಳಬೇಡಿ. ಮೇಲೆ ಹೇಳಿದ ಹೆಚ್ಚಿನದೆಲ್ಲ ನಿಮ್ಮ 300ರ ಅಳತೆಯೊಳಗೇ ಇದೆ. ಕೈಲಾದರೆ ಅದರ ಮುಂದೆ ತಿರುಗಿಸಿ ಕೂರಿಸುವ ಕ್ಲೋಸಪ್ ಲೆನ್ಸ್ ಒಂದನ್ನು ತೆಗೆದುಕೊಳ್ಳಿ, ಬೆಲೆ ಹಲವು ಪಟ್ಟು ಕಡಿಮೆ. ಮರಿಹುಳು, ಪತಂಗ, ಜೇಡಕ್ಕೆ ಅದೇ ಬೇಕಾಗುವುದು. ಜನವರಿಯಲ್ಲಿ ಎಲೆ ಉದುರಲು ಶುರುವಾಗಿ, ಮರಕುಟಿಗ, ಗಿಡುಗ ಬೋಳು ಕೊಂಬೆಯ ತುದಿಯಲ್ಲಿ ದೂರದಿಂದಲೇ ಕಾಣತೊಡಗಿದಾಗ ದೊಡ್ಡ ಲೆನ್ಸನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡಿ. ಅದರ ತೂಕ ಹೊತ್ತು ಜಗಲಿಯಿಂದ ಇಳಿಯಲು ನಿಮಗೆ ಮನಸ್ಸಾಗುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ, ಕೊಳ್ಳುವ ತೀರ್ಮಾನ ಆಮೇಲೆ ಮಾಡಬಹುದು.